ದೊಡ್ಡ ಕುರ್ಚಿಯಲ್ಲಿ ಕೂರುವ ಅಂಜಿನಮ್ಮ

ಚಾಮರಾಜಪೇಟೆಯ ನಾಲ್ಕನೇ ಮುಖ್ಯರಸ್ತೆಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಶಿಶುವಿಹಾರದ ಗೇಟಿನ ಬೀಗ ತೆಗೆದು ಒಳಗೆ ಬರುವ ಅಂಜಿನಮ್ಮ ಮೊದಲು ಮಾಡುವುದು ಕುರ್ಚಿ ಹಾಕುವ ಕೆಲಸ. ಅಲ್ಲಿರುವ ಕುರ್ಚಿಗಳೆಲ್ಲ ನಾಲ್ಕು ವರ್ಷದ ಮಕ್ಕಳ ಅಳತೆಯವು, ಕೆಂಪು, ಹಳದಿ, ಹಸಿರು ಬಣ್ಣ ಬಳಿದವು. ಅವನ್ನು ಅರ್ಧಚಂದ್ರದ ಹಾಗೆ ಜೋಡಿಸುತ್ತಾರೆ. ಆಮೇಲೆ ಹೆಡ್‌ಮಿಸ್ ಕೋಣೆಯಿಂದ ಬೆತ್ತದ ದೊಡ್ಡ ಕುರ್ಚಿಯೊಂದನ್ನು ಎಳೆದು ತಂದು ನಡುವೆ ಇಡುತ್ತಾರೆ. ಅದರ ಪಕ್ಕದಲ್ಲಿ, ನೇರ ಎದುರಿಗಲ್ಲದೆ ಕೊಂಚ ಓರೆಯಾಗಿ, ಮತ್ತೊಂದು ಪುಟ್ಟ ಕುರ್ಚಿ.

‘ಎದುರುಬದುರು ಹಾಕಿದ್ರೆ ಪೊಲೀಸ್ ಸ್ಟೇಷನ್ ಥರ ಆಗುತ್ತೆ’ ಎನ್ನುತ್ತಾರೆ, ಕುರ್ಚಿಯ ಧೂಳನ್ನು ಸೆರಗಿನಿಂದ ಒರೆಸುತ್ತ. ‘ಓರೆಯಾಗಿದ್ರೆ ಬೇಕಾದಾಗ ನೋಡ್ಬಹುದು, ಬೇಡ ಅಂದಾಗ ಕಿಟಕಿ ಕಡೆ ನೋಡ್ಬಹುದು. ಇದು ನನ್ನ ಬುದ್ಧಿ ಅಲ್ಲ. ಡಾಕ್ಟ್ರಮ್ಮ ಹೇಳಿಕೊಟ್ಟಿದ್ದು.’

ಆರು ಗಂಟೆಯ ಹೊತ್ತಿಗೆ ಹನ್ನೆರಡು ಮಂದಿ ಬರುತ್ತಾರೆ. ಮಂಡಿ ಗದ್ದಕ್ಕೆ ತಾಗುವ ಹಾಗೆ ಆ ಪುಟ್ಟ ಕುರ್ಚಿಗಳಲ್ಲಿ ಕೂರುತ್ತಾರೆ. ಆಸ್ಪತ್ರೆಯ ಮಾನಸಿಕ ವಿಭಾಗದ ನರ್ಸುಗಳು, ಕಾಲೇಜಿನಲ್ಲಿ ಪಾಠದ ಜೊತೆಗೆ ವಿದ್ಯಾರ್ಥಿಗಳ ಕಷ್ಟಸುಖ ವಿಚಾರಿಸುವ ಲೆಕ್ಚರರುಗಳು, ಕಾರ್ಖಾನೆಯ ವೆಲ್ಫೇರ್ ಆಫೀಸರು, ಮನೋಚಿಕಿತ್ಸೆಯನ್ನೇ ವೃತ್ತಿ ಮಾಡಿಕೊಂಡ ಮೂವರು. ಯಾರೂ ಹೊಸಬರಲ್ಲ, ಕೆಲಸ ಮಾಡುತ್ತಲೇ ಕೆಲಸ ಕಲಿಯಲು ಬಂದವರು. ಸಾವು, ಅಪಘಾತ, ಮನೆಯೊಳಗಿನ ಹೊಡೆತ, ಕಡಿದುಹೋದ ಸಂಬಂಧ, ಇವುಗಳಿಂದ ಒಳಗೊಳಗೇ ಮುರಿದವರ ಜೊತೆ ಹೇಗೆ ಕೂರಬೇಕು, ಏನು ಕೇಳಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಇಲ್ಲಿಯ ಪಾಠ. ಶನಿವಾರ, ಭಾನುವಾರ ಎರಡೇ ದಿನ. ಶನಿವಾರ ಒಂಬತ್ತಕ್ಕೆ ಮಕ್ಕಳು ಬರುವುದರಿಂದ ಎಂಟಕ್ಕೆ ಎಲ್ಲ ಮುಗಿಯಬೇಕು.

ತರಗತಿ ನಡೆಸುವವರು ಡಾ. ಶೈಲಜಮ್ಮ. ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ರೋಗಗಳ ವೈದ್ಯೆಯಾಗಿದ್ದು, ನಿವೃತ್ತಿಗೆ ಮುಂಚೆಯೇ ಕೆಲಸ ಬಿಟ್ಟು ೧೯೭೭ರಲ್ಲಿ ಈ ತರಬೇತಿ ಶುರು ಮಾಡಿದವರು. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ, ಅಳುವವರೆಲ್ಲ ಕನ್ನಡದಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ ಅಳುತ್ತಾರೆ ಎಂಬುದು ಅವರ ತಕರಾರು. ಓದಿದ್ದನ್ನು ಒಂದು ಜೀವಂತ ಮುಖದ ಮುಂದೆ ಪ್ರಯೋಗಿಸಿ ನೋಡದೆ ಯಾರೂ ಕಲಿಯಲಾರರು. ನಿಜವಾಗಿ ನೊಂದವರನ್ನು ಕರೆತಂದು ಕಲಿಯುವವರ ಕೈಗೆ ಕೊಡುವುದೂ ಸರಿಯಲ್ಲ.

ಆ ಜೀವಂತ ಮುಖ ಅಂಜಿನಮ್ಮನದು. ವಾರವಿಡೀ ಈ ಶಿಶುವಿಹಾರದ ಆಯಾ. ಮಕ್ಕಳ ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ಮಧ್ಯಾಹ್ನ ಚಾಪೆ ಹಾಸುವುದು. ವಾರದ ಕೊನೆಯ ಎರಡು ಬೆಳಗು ಮಾತ್ರ ದೊಡ್ಡ ಕುರ್ಚಿಯಲ್ಲಿ ಕೂತು ಕಷ್ಟ ಹೇಳಿಕೊಳ್ಳುತ್ತಾರೆ. ಕಲಿಯುವವರು ಒಬ್ಬೊಬ್ಬರಾಗಿ ಬಂದು ಪಕ್ಕದ ಪುಟ್ಟ ಕುರ್ಚಿಯಲ್ಲಿ ಕೂತು ಮಾತಾಡಿಸುತ್ತಾರೆ. ಡಾಕ್ಟರು ಶಾಲೆಯ ಕೈಗಂಟೆ ಅಲ್ಲಾಡಿಸಿದಾಗ ಅವರ ಸರದಿ ಮುಗಿಯಿತು. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರು ಇನ್ನೊಬ್ಬರಿದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅದಕ್ಕೊಂದು ಹೆಸರೂ ಇಲ್ಲ. ‘ಅಭ್ಯಾಸದ ರೋಗಿ’ ಎಂದು ಡಾಕ್ಟರು ಒಮ್ಮೆ ಅಂದಿದ್ದಕ್ಕೆ ಅಂಜಿನಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದರಂತೆ.

ಈ ಕೆಲಸಕ್ಕೆ ಅವರು ಬಂದದ್ದು ಆಕಸ್ಮಿಕವಾಗಿ. ಮೊದಲು ಡಾಕ್ಟರು ಗೊತ್ತು ಮಾಡಿದ್ದು ಹವ್ಯಾಸಿ ನಾಟಕದ ಕಲಾವಿದರೊಬ್ಬರನ್ನು. ಅವರು ಎದೆ ಹಿಡಿದುಕೊಂಡು ಅಳುತ್ತಿದ್ದ ರೀತಿಗೆ ಎರಡನೇ ವಾರವೇ ತರಗತಿಯವರು ಚಪ್ಪಾಳೆ ತಟ್ಟಿಬಿಟ್ಟರು. ಮೂರನೇ ವಾರ ಕಲಾವಿದರು ಬರಲಿಲ್ಲ. ಕಾಫಿ ತಂದುಕೊಟ್ಟ ಅಂಜಿನಮ್ಮನಿಗೆ ಡಾಕ್ಟರು, ‘ಒಂದ್ಹತ್ತು ನಿಮಿಷ ಇಲ್ಲಿ ಕೂತ್ಕೊಳ್ಳಿ, ನಿಮಗೆ ಗೊತ್ತಿರೋರ ಯಾರದಾದ್ರೂ ಕಷ್ಟ ಹೇಳಿ’ ಅಂದರು.

‘ಮೊದಮೊದಲು ನಾನು ಬಲೇ ಕೆಟ್ಟದಾಗಿ ಮಾಡ್ತಿದ್ದೆ’ ಎಂದು ಅಂಜಿನಮ್ಮ ನಗುತ್ತಾರೆ. ಅವರ ತೊಂದರೆ ಇದು: ಎದುರಿಗೆ ಕೂತವರು ಪಾಪ ಬೆವರುತ್ತಿದ್ದಾರೆ, ಡಾಕ್ಟರು ನೋಡುತ್ತಿದ್ದಾರೆ, ಹನ್ನೊಂದು ಜನ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾರೆ. ಅವರ ಮರ್ಯಾದೆ ಹೋಗಬಾರದೆಂದು ಅಂಜಿನಮ್ಮ ಐದೇ ನಿಮಿಷಕ್ಕೆ, ‘ಸಾಕು ಬಿಡಿ ಸಾರ್, ನಿಮ್ಮ ಮಾತು ಕೇಳಿ ಮನಸ್ಸು ಹಗುರ ಆಯ್ತು, ನಾನಿನ್ನು ಬರ್ತೀನಿ’ ಎಂದು ಎದ್ದುಬಿಡುತ್ತಿದ್ದರು. ಗಂಡ ಸತ್ತವಳು, ಬಾವಿಗೆ ಬಿದ್ದು ಬದುಕಿದವಳು, ಎಲ್ಲರೂ ಐದು ನಿಮಿಷದಲ್ಲಿ ಗುಣ. ಕಲಿಯುವವರಿಗೆ ಖುಷಿಯೋ ಖುಷಿ. ಕೊನೆಗೆ ಡಾಕ್ಟರು ಪಕ್ಕಕ್ಕೆ ಕರೆದು ಹೇಳಬೇಕಾಯಿತು.

‘ಅಂಜಿನಮ್ಮ, ದಯವಿಟ್ಟು ಗುಣ ಆಗ್ಬೇಡಿ.’

‘ಅಲ್ಲಾ ಡಾಕ್ಟ್ರಮ್ಮ, ಅಷ್ಟು ಒಳ್ಳೆ ಮಾತಾಡ್ತಾರೆ, ಬೇಜಾರ್ ಮಾಡ್ಕೊಳ್ಳಲ್ವಾ?’

‘ಮಾಡ್ಕೊಳ್ಳಿ. ಬೇಜಾರು ಮಾಡ್ಕೊಂಡ್ರೇನೇ ಕಲಿಯೋದು. ಮನೆಗೆ ಬಂದ ನೆಂಟರಲ್ಲ ಅವರು, ನೀವು ಉಪಚಾರ ಮಾಡೋಕೆ.’

ಅಂದಿನಿಂದ ಅವರು ಒಂದು ಕ್ರಮ ಹಿಡಿದಿದ್ದಾರೆ. ದೊಡ್ಡ ಕುರ್ಚಿಯಲ್ಲಿ ಕೂತು ತಲೆಯ ಮೇಲೆ ಸೆರಗು ಹೊದ್ದರೆ ಅವರು ಅಂಜಿನಮ್ಮ ಅಲ್ಲ. ಸೆರಗು ತೆಗೆಯುವವರೆಗೆ ಯಾರೂ ಅವರನ್ನು ಹೆಸರು ಹಿಡಿದು ಮಾತಾಡಿಸುವಂತಿಲ್ಲ. ಹೇಳುವ ಕಷ್ಟ ಯಾರೊಬ್ಬರದೂ ಇಡಿಯಾಗಿರುವುದಿಲ್ಲ. ಒಬ್ಬರ ಗಂಡ, ಇನ್ನೊಬ್ಬರ ಅತ್ತೆ, ಮತ್ತೆಲ್ಲಿಯದೋ ಅಪಘಾತ ಸೇರಿಸಿ ಹೊಸದೊಂದು ಮಾಡುತ್ತಾರೆ. ‘ವಠಾರದೋರ ಕಷ್ಟ ಹಂಗಂಗೇ ತಂದು ಇಲ್ಲಿ ಸುರಿದ್ರೆ ಅದು ಚಾಡಿ ಆಗುತ್ತೆ, ಕೆಲಸ ಆಗಲ್ಲ’ ಎನ್ನುತ್ತಾರೆ. ಇನ್ನೊಂದು ಕಟ್ಟುನಿಟ್ಟು ಅವರೇ ಹಾಕಿಕೊಂಡದ್ದು. ತಮ್ಮ ಸ್ವಂತದ್ದನ್ನು ಅಲ್ಲಿ ತರುವುದಿಲ್ಲ.

ಈ ಭಾನುವಾರ ಬೆಳಗ್ಗೆ ಪುಟ್ಟ ಕುರ್ಚಿಯಲ್ಲಿ ಕೂತಿರುವವರು ಕಾಲೇಜಿನ ಲೆಕ್ಚರರು. ಸೆರಗು ಹೊದ್ದ ಹೆಂಗಸು ಗಂಡ ತನ್ನ ಜೊತೆ ಮಾತು ಬಿಟ್ಟು ಎರಡು ವರ್ಷವಾಯಿತು ಎನ್ನುತ್ತಾಳೆ. ‘ಊಟ ಹಾಕ್ತೀನಿ, ತಿಂತಾರೆ. ತಟ್ಟೆ ನೋಡ್ತಾರೆ, ನನ್ನ ನೋಡಲ್ಲ.’ ಲೆಕ್ಚರರು ಗಂಟಲು ಸರಿಮಾಡಿಕೊಂಡು ದಾಂಪತ್ಯದಲ್ಲಿ ಸಂವಾದದ ಮಹತ್ವವನ್ನು ಕುರಿತು ಹೇಳತೊಡಗುತ್ತಾರೆ. ಮೊದಲನೆಯದಾಗಿ, ಎರಡನೆಯದಾಗಿ ಎಂದು ಬೆರಳು ಮಡಿಚುತ್ತಾರೆ. ಹೆಂಗಸು ಕಿಟಕಿಯ ಕಡೆ ತಿರುಗುತ್ತಾಳೆ. ಡಾಕ್ಟರು ಗಂಟೆ ಬಾರಿಸುತ್ತಾರೆ.

‘ಪಾಠ ಚೆನ್ನಾಗಿತ್ತು ಸಾರ್’ ಎನ್ನುತ್ತಾರೆ ಶೈಲಜಮ್ಮ. ‘ಪರೀಕ್ಷೆ ಯಾವತ್ತು?’

ಎಲ್ಲರೂ ನಗುತ್ತಾರೆ, ಲೆಕ್ಚರರೂ ನಗುತ್ತಾರೆ. ಸೆರಗು ಇಳಿಸಿದ ಅಂಜಿನಮ್ಮ ಅವರಿಗೇ ಮೊದಲು ಕಾಫಿ ಕೊಡುತ್ತಾರೆ. ‘ಹೋದ ವಾರಕ್ಕಿಂತ ಕಮ್ಮಿ ಮಾತಾಡಿದ್ರಿ ಸಾರ್’ ಎಂದು ಸಮಾಧಾನ ಹೇಳುವುದನ್ನು ಮಾತ್ರ ಈ ಒಂಬತ್ತು ವರ್ಷದಲ್ಲಿ ಬಿಡಲು ಅವರಿಗೆ ಸಾಧ್ಯವಾಗಿಲ್ಲ.

ಅಂಜಿನಮ್ಮನಿಗೆ ಈಗ ನಲವತ್ತೊಂಬತ್ತು. ಮದುವೆಯಾಗಿ ಬಂದದ್ದು ನಗರ್ತಪೇಟೆಗೆ. ಗಂಡ ದಾಸಪ್ಪ ಅಲ್ಲಿಯ ಸಗಟು ಅಂಗಡಿಯೊಂದರಲ್ಲಿ ಕಾಳುಕಡ್ಡಿ ತೂಗುವ ಕೆಲಸದಲ್ಲಿದ್ದರು. ಅಂಗಡಿಯ ಹಿಂದಿನ ಓಣಿಯಲ್ಲೇ ಒಂದು ಕೋಣೆಯ ಮನೆ. ೧೯೫೬ರಲ್ಲಿ ಹೆಣ್ಣು ಮಗು ಹುಟ್ಟಿತು. ಮನೆತನದ ಪದ್ಧತಿಯಂತೆ ಅಜ್ಜಿಯ, ಅಂದರೆ ದಾಸಪ್ಪನವರ ತಾಯಿಯ ಹೆಸರಿಟ್ಟರು, ನರಸಮ್ಮ ಎಂದು. ಮಗುವಿಗೆ ಐದು ವರ್ಷವಾಗಿದ್ದಾಗ ಗಂಟಲಮಾರಿ ಬಂತು. ವಿಕ್ಟೋರಿಯಾ ಆಸ್ಪತ್ರೆಗೆ ಹೊತ್ತುಕೊಂಡು ಓಡುವಷ್ಟರಲ್ಲಿ ಉಸಿರು ನಿಂತಿತ್ತು. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ತಾಯಿಗೆ ಮನೆಯಲ್ಲಿ ಮಗುವಿನ ಒಂದು ಲಂಗವೂ ಕಾಣಲಿಲ್ಲ. ನೋಡಿದರೆ ಅಳುತ್ತಾಳೆಂದು ಅತ್ತೆ ಅಷ್ಟರಲ್ಲಿ ಎಲ್ಲವನ್ನೂ ಸಾಗಿಸಿದ್ದರು. ಫೋಟೊ ತೆಗೆಸಿರಲಿಲ್ಲ.

ಎರಡು ವರ್ಷದ ಮೇಲೆ ಮತ್ತೆ ಹೆಣ್ಣು ಮಗು. ‘ನನ್ನ ಹೆಸರು ಮನೇಲಿ ಉಳೀಬೇಕು’ ಎಂದರು ಅತ್ತೆ. ಯಾರೂ ಬೇಡ ಅನ್ನಲಿಲ್ಲ. ತೊಟ್ಟಿಲಲ್ಲಿದ್ದ ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿದರು, ನರಸಮ್ಮ.

‘ನಮ್ಮತ್ತೆ ಕೆಟ್ಟೋರಲ್ಲ’ ಎಂದು ಅಂಜಿನಮ್ಮ ಎರಡು ಮೂರು ಸಲ ಒತ್ತಿ ಹೇಳುತ್ತಾರೆ. ‘ಹೋದ ಮಗೂನೇ ವಾಪಸ್ ಬಂದಿದೆ ಅಂತ ಅವರಿಗೆ. ಹಂಗಂದ್ಕೊಂಡು ನೆಮ್ಮದಿಯಾದ್ರು. ನನಗೆ ಹಂಗೆ ಅನ್ಸಿದ್ರೆ ನಾನೂ ನೆಮ್ಮದಿಯಾಗಿರ್ತಿದ್ದೆ. ಇದರ ಮುಖ ಬೇರೆ, ಅಳೋ ರಾಗ ಬೇರೆ, ನಿದ್ದೆ ಮಾಡೋ ಭಂಗಿ ಬೇರೆ. ಹೆಸರು ಮಾತ್ರ ಅದೇ.’

ಸತ್ತ ಮಗುವಿನ ಸುದ್ದಿ ಎತ್ತಬಾರದೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಬರಲಿಲ್ಲ. ಹೆಸರೆತ್ತಿದರೆ ಬದುಕಿರುವ ಮಗಳು ‘ಏನಮ್ಮಾ?’ ಎಂದು ಬಂದು ನಿಲ್ಲುತ್ತಿದ್ದಳು. ಅತ್ತೆ ತೀರಿಕೊಂಡ ಮೇಲೆ ಮನೆ ಎನ್.ಆರ್. ಕಾಲೋನಿಯ ವಠಾರಕ್ಕೆ ಬದಲಾಯಿತು. ಅಲ್ಲಿ ಹಳೆಯದು ಗೊತ್ತಿದ್ದವರು ಯಾರೂ ಇರಲಿಲ್ಲ. ಹಾಗಾಗಿ ಮಗಳಿಗೂ ಗೊತ್ತಾಗಲಿಲ್ಲ, ತನ್ನ ಹೆಸರನ್ನು ತನಗಿಂತ ಮುಂಚೆ ಒಬ್ಬ ಅಕ್ಕ ಐದು ವರ್ಷ ಇಟ್ಟುಕೊಂಡಿದ್ದಳು ಎಂದು.

‘ಸಂಜೆ ಬಾಗಿಲಲ್ಲಿ ನಿಂತು ನರಸಮ್ಮಾ ಅಂತ ಕೂಗೋಳು ನಾನು. ಇವಳು ಆಟ ಬಿಟ್ಟು ಓಡಿ ಬರೋಳು. ಬಂದೋಳನ್ನ ತಬ್ಕೊಂಡು ಬರದೇ ಇರೋಳಿಗೆ ಕಾಯ್ತಾ ನಿಂತಿರ್ತಿದ್ದೆ. ಅದು ಈ ಮಗೂಗೆ ಮಾಡಿದ ಅನ್ಯಾಯ ಅಲ್ವಾ?’ ಉತ್ತರಕ್ಕೆ ಕಾಯದೆ ಅವರು ಕಾಫಿ ಲೋಟಗಳನ್ನು ಬಕೆಟ್ಟಿಗೆ ಹಾಕುತ್ತಾರೆ.

ಕಳೆದ ನವೆಂಬರ್‌ನ ಒಂದು ಶನಿವಾರ ಬೆಳಗ್ಗೆ ಶೈಲಜಮ್ಮ ಅದೇ ಕೋಣೆಯಲ್ಲಿ, ಒಂದು ಮಗು ಹೋದ ಮನೆಯಲ್ಲಿ ಆಮೇಲೆ ಹುಟ್ಟುವ ಮಗುವಿನ ಬಗ್ಗೆ ಪಾಠ ಮಾಡುತ್ತಿದ್ದರು. ಇನ್ನೊಬ್ಬರ ಜಾಗ ತುಂಬಲು ಹುಟ್ಟಿದ ಹಾಗೆ ಬೆಳೆಯುವ ಮಕ್ಕಳು, ತಮ್ಮದೇನಿದೆ ಎಂದು ದೊಡ್ಡವರಾದ ಮೇಲೂ ಹುಡುಕುತ್ತಲೇ ಇರುವ ಮಕ್ಕಳು. ಹಿಂದಿನ ಬೆಂಚಿನ ಹತ್ತಿರ ಫ್ಲಾಸ್ಕ್ ಹಿಡಿದು ನಿಂತಿದ್ದ ಅಂಜಿನಮ್ಮ ಆ ದಿನ ಎಂದಿನಂತೆ ಕಾಫಿ ಬಗ್ಗಿಸಿ ಕೊಟ್ಟರು. ಮರುದಿನ ಭಾನುವಾರ ದೊಡ್ಡ ಕುರ್ಚಿಯಲ್ಲಿ ಕೂತು, ಸೆರಗು ಹೊದ್ದು, ಒಂಬತ್ತು ವರ್ಷದ ಕಟ್ಟುನಿಟ್ಟು ಮುರಿದರು. ಒಬ್ಬಳು ಹೆಂಗಸು, ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಒಂದೇ ಹೆಸರು ಎಂದು ಶುರು ಮಾಡಿದರು. ಎಂದಿನ ಹಾಗೆ ಯಾರ್‍ಯಾರದೋ ಸೇರಿಸಿ ಮಾಡಿದ ಕಷ್ಟ ಎಂದೇ ಎಲ್ಲರೂ ತಿಳಿದರು.

ಪುಟ್ಟ ಕುರ್ಚಿಯಲ್ಲಿ ಆ ಬೆಳಗ್ಗೆ ಕೂತಿದ್ದವರು ಧರ್ಮರಾಜು, ಮೂವತ್ತೈದರ ಆಸುಪಾಸಿನ ವೆಲ್ಫೇರ್ ಆಫೀಸರು. ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡವರು, ಸಹೋದ್ಯೋಗಿಯ ಸಾವು ಕಂಡವರು ಅವರ ಬಳಿ ಬರುತ್ತಾರೆ. ಮಾತಿನಲ್ಲಿ ಅಷ್ಟೇನೂ ಚುರುಕಲ್ಲ ಎಂದು ಅವರೇ ಹೇಳಿಕೊಳ್ಳುತ್ತಾರೆ. ಸ್ವಲ್ಪ ಹೊತ್ತು ಕೇಳಿಸಿಕೊಂಡು ಅವರು ಒಂದು ಪ್ರಶ್ನೆ ಕೇಳಿದರು.

‘ಮೊದಲನೇ ಮಗೂನ ಮನೇಲಿ ಏನಂತ ಕರೀತಿದ್ರಿ ಅಮ್ಮಾ?’

ಆ ಪ್ರಶ್ನೆಯ ಬಗ್ಗೆ ತರಗತಿಯಲ್ಲಿ ಈಗಲೂ ಹೊಗಳಿಕೆ ಇದೆ. ಧರ್ಮರಾಜು ಮಾತ್ರ ಅದನ್ನು ಒಪ್ಪುವುದಿಲ್ಲ. ‘ಬುದ್ಧಿವಂತಿಕೆಯಿಂದ ಕೇಳಿದ್ದಲ್ಲ ಸಾರ್. ಇಬ್ಬರೂ ನರಸಮ್ಮ. ಅವರು ಯಾರ ವಿಷಯ ಮಾತಾಡ್ತಿದಾರೆ ಅನ್ನೋದೇ ನನಗೆ ಗೊಂದಲ ಆಗ್ಹೋಗಿತ್ತು. ಗುರುತಿಗೆ ಒಂದು ಹೆಸರು ಸಿಕ್ಕಿದ್ರೆ ಮುಂದಕ್ಕೆ ಹೋಗ್ಬಹುದು ಅಂತ ಕೇಳ್ದೆ.’

ಅಂಜಿನಮ್ಮ ಕಿಟಕಿಯ ಕಡೆ ತಿರುಗಿದರು. ಆಮೇಲೆ ‘ಬಟಾಣಿ’ ಅಂದರು.

ದಾಸಪ್ಪ ಅಂಗಡಿಯಿಂದ ಬರುವಾಗ ಜೇಬಿನಲ್ಲಿ ಒಂದು ಹಿಡಿ ಹುರಿದ ಬಟಾಣಿ ಹಾಕಿಕೊಂಡು ಬರುತ್ತಿದ್ದರು. ಮಗು ಅಪ್ಪನ ಮುಖ ನೋಡುವ ಮುಂಚೆ ಜೇಬಿಗೆ ಕೈ ಹಾಕುತ್ತಿತ್ತು. ಅದಕ್ಕೆ ಬಟಾಣಿ. ಇಪ್ಪತ್ತನಾಲ್ಕು ವರ್ಷ ಬಾಯಿಗೆ ಬಾರದ ಆ ಪದ ಹೇಳಿದ ಮೇಲೆ ಅಂಜಿನಮ್ಮನ ಕೈ ತಾನಾಗಿಯೇ ಹೋಗಿ ತಲೆಯ ಮೇಲಿನ ಸೆರಗನ್ನು ಕೆಳಗಿಳಿಸಿತು. ಆಗ ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು, ಇದು ಯಾರ ಮನೆಯದೆಂದು. ಶೈಲಜಮ್ಮ ಗಂಟೆಯನ್ನು ಕೈಯಲ್ಲಿ ಹಿಡಿದಿದ್ದರು, ಬಾರಿಸಲಿಲ್ಲ. ಅಳಬೇಡಿ ಎಂದು ಯಾರೂ ಹೇಳಲಿಲ್ಲ. ಹಾಗೆ ಹೇಳಬಾರದೆಂದು ಅಲ್ಲಿದ್ದವರಿಗೆ ಕಲಿಸಿದ್ದೇ ಆ ಕೋಣೆಯಲ್ಲಿ. ಧರ್ಮರಾಜು ತಾನು ತಪ್ಪು ಮಾಡಿದೆನೆಂದುಕೊಂಡು ಮುಂದಿನ ವಾರ ತರಗತಿಗೇ ಬರಲಿಲ್ಲ. ಅವರನ್ನು ಕರೆಸಿ ಅದೇ ಪುಟ್ಟ ಕುರ್ಚಿಯಲ್ಲಿ ಕೂರಿಸಲು ಡಾಕ್ಟರಿಗೆ ಎರಡು ವಾರ ಬೇಕಾಯಿತು.

ಅಂದು ಮನೆಗೆ ಹೋದ ಅಂಜಿನಮ್ಮ ಅಂಗಳದಲ್ಲಿ ಕೂತು ಗಡ್ಡ ಹೆರೆಯುತ್ತಿದ್ದ ಗಂಡನಿಗೆ ಹೇಳಿದರು.

‘ಇವತ್ತು ಬಟಾಣಿ ಅಂದೆ.’

ದಾಸಪ್ಪ ಬ್ಲೇಡು ಕೆಳಗಿಟ್ಟರು. ‘ಜೋರಾಗಿ ಅಂದ್ಯಾ?’

‘ಎಲ್ಲರಿಗೂ ಕೇಳೋ ಹಂಗೆ ಅಂದೆ.’

‘ಹೂಂ’ ಅಂದರು ದಾಸಪ್ಪ. ಅರ್ಧ ಮುಖಕ್ಕೆ ಸೋಪು ಹಾಗೇ ಒಣಗಿತು.

ಮಗಳಿಗೆ ಹೇಳಬೇಕೆ ಬೇಡವೆ ಎಂಬ ಪ್ರಶ್ನೆ ಎದ್ದದ್ದು ಆಮೇಲೆ. ಮಗಳು ನರಸಮ್ಮ ಈಗ ಮಲ್ಲೇಶ್ವರದ ಸೊಸೆ. ಗಂಡ ಚಲುವರಾಜು ಸಂಪಿಗೆ ರಸ್ತೆಯ ಹಿಂದೆ ತರಕಾರಿ ಅಂಗಡಿ ಇಟ್ಟಿದ್ದಾರೆ. ಆಕೆ ಆಗ ಐದು ತಿಂಗಳ ಬಸುರಿ. ಅಂಜಿನಮ್ಮ ಡಾಕ್ಟರನ್ನು ಕೇಳಿದರು. ಶೈಲಜಮ್ಮ ಹೇಳಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ‘ಹೇಳೋದು ಯಾರಿಗೋಸ್ಕರ ಅಂಜಿನಮ್ಮ? ನಿಮ್ಮ ಮನಸ್ಸು ಹಗುರ ಆಗಕ್ಕಾ, ಅವಳಿಗೆ ಬೇಕು ಅಂತಾನಾ?’ ಎಂದು ತಿರುಗಿ ಕೇಳಿದರು. ಒಂದು ತಿಂಗಳಿಗೂ ಹೆಚ್ಚು ಅಂಜಿನಮ್ಮ ಆ ಪ್ರಶ್ನೆಯನ್ನು ಹೊತ್ತುಕೊಂಡು ತಿರುಗಿದರು.

‘ಎರಡೂ ಇತ್ತು’ ಎನ್ನುತ್ತಾರೆ ಈಗ. ‘ನನ್ನ ಭಾರಾನೂ ಇಳೀಬೇಕಿತ್ತು. ಸುಳ್ಳು ಯಾಕೆ ಹೇಳ್ಲಿ. ಆದ್ರೆ ಇವಳು ಚಿಕ್ಕೋಳಿದ್ದಾಗ ಕೇಳೋಳು, ಅಮ್ಮಾ, ವಠಾರದಲ್ಲಿ ಎಲ್ಲಾ ಮಕ್ಕಳಿಗೂ ಮುದ್ದಿನ ಹೆಸರಿದೆ, ನನಗ್ಯಾಕೆ ಬರೀ ಅಜ್ಜಿ ಹೆಸರು ಅಂತ. ನಾನು ಏನೋ ಹೇಳಿ ಸಾಗಹಾಕ್ತಿದ್ದೆ. ನಿಜ ಏನು ಅಂದ್ರೆ ನಮಗೆ ಭಯ. ಮುದ್ದಾಗಿ ಕರೆದದ್ದು ಉಳೀಲಿಲ್ಲ. ಇನ್ನೊಂದನ್ನ ಮುದ್ದಾಗಿ ಕರೆಯೋದು ಬೇಡ ಅಂತ ನಾನೂ ಇವರೂ ಮಾತಾಡ್ಕೊಳ್ದೇನೇ ಸುಮ್ಮನಾಗ್ಬಿಟ್ವಿ.’

ಜನವರಿಯಲ್ಲಿ ಅವರೆಕಾಯಿ ಕಾಲ. ಮಗಳು ತವರಿಗೆ ಬಂದಿದ್ದಳು. ನೆನೆಸಿದ ಅವರೆಕಾಳು ಮುಂದಿಟ್ಟುಕೊಂಡು ತಾಯಿ ಮಗಳು ಸಿಪ್ಪೆಯಿಂದ ಬೇಳೆ ಹಿಸುಕುತ್ತ ಕೂತಿದ್ದಾಗ ಅಂಜಿನಮ್ಮ ಹೇಳಿದರು. ಪೂರ್ತಿ ಹೇಳಿದರು. ಅಕ್ಕ ಇದ್ದದ್ದು, ಹೋದದ್ದು, ಹೆಸರು, ಬಟಾಣಿ.

ನರಸಮ್ಮನ ಕೈ ನಿಂತಿತು. ‘ಹಂಗಾದ್ರೆ ನೀನು ಬಾಗಿಲಲ್ಲಿ ನಿಂತು ಕೂಗ್ತಿದ್ದಿದ್ದು ಯಾರನ್ನ?’ ಎಂದು ಕೇಳಿದಳು.

ಅಂಜಿನಮ್ಮ ಕೈಯಲ್ಲಿದ್ದ ಕಾಳನ್ನು ಹಿಸುಕಿ ಪಾತ್ರೆಗೆ ಹಾಕಿದರು. ‘ನಿನ್ನನ್ನೇ’ ಎಂದು ಒಂದು ಮಾತು ಹೇಳಿಬಿಟ್ಟಿದ್ದರೆ ಆಗುತ್ತಿತ್ತು ಎಂದು ದಾಸಪ್ಪ ಆಮೇಲೆ ಬೈದರು. ‘ಹೇಳ್ಬಹುದಿತ್ತು’ ಎನ್ನುತ್ತಾರೆ ಅಂಜಿನಮ್ಮ. ‘ಐದು ನಿಮಿಷಕ್ಕೆ ಗುಣ ಮಾಡೋದು ನನಗೆ ಚೆನ್ನಾಗಿ ಬರುತ್ತೆ. ಅವಳ ಹತ್ರ ಅದು ಬೇಡ ಅನ್ನಿಸ್ತು.’ ಮಗಳು ಕೈ ತೊಳೆದುಕೊಂಡು ಎದ್ದಳು. ಒಲೆಯ ಮೇಲಿನ ಸಾರು ಕುದಿಯುವ ಮುಂಚೆಯೇ ಮಲ್ಲೇಶ್ವರದ ಬಸ್ಸು ಹಿಡಿದಳು.

ಆಮೇಲೆ ಆಕೆ ಬಂದಿಲ್ಲ. ಪ್ರತಿ ಶುಕ್ರವಾರ ಬರುತ್ತಿದ್ದವಳು. ಏಳನೇ ತಿಂಗಳ ಸೀಮಂತವನ್ನು ಅತ್ತೆ ಮನೆಯವರು ಅಲ್ಲೇ ಮಾಡಿದರು. ಅಂಜಿನಮ್ಮ ದಂಪತಿ ಹೋಗಿ ಹಸಿರು ಬಳೆ ತೊಡಿಸಿ ಬಂದರು. ಮಗಳು ಕಾಲಿಗೆ ನಮಸ್ಕರಿಸಿದಳು. ಏನಮ್ಮಾ ಚೆನ್ನಾಗಿದ್ದೀಯಾ ಎಂದದ್ದಕ್ಕೆ ಹೂಂ ಎಂದಳು, ಅಷ್ಟೇ. ಹೆರಿಗೆಗೆ ತವರಿಗೆ ಬರುತ್ತಾಳೋ ಇಲ್ಲವೋ ಎಂಬುದೇ ಈಗ ಎನ್.ಆರ್. ಕಾಲೋನಿಯ ಆ ಮನೆಯ ಏಕೈಕ ಚಿಂತೆ. ದಾಸಪ್ಪ ಕೋಣೆಗೆ ಸುಣ್ಣ ಹೊಡೆಸಿದ್ದಾರೆ. ಪಕ್ಕದ ಮನೆಯವರು ಯಾವತ್ತು ಬರುತ್ತಾಳೆ ಎಂದು ಕೇಳಿದರೆ, ‘ಬರ್ತಾಳೆ ಬರ್ತಾಳೆ, ಸುಣ್ಣದ ವಾಸನೆ ಹೋಗ್ಲಿ’ ಎನ್ನುತ್ತಾರೆ.

ಮೌನ ಮುರಿದದ್ದು ಅಳಿಯ ಚಲುವರಾಜು. ಹದಿನೈದು ದಿನದ ಹಿಂದೆ, ಬೆಳಗಿನ ತರಗತಿ ಮುಗಿಯುವ ಹೊತ್ತಿಗೆ, ಕಲಾಸಿಪಾಳ್ಯದ ಮಾರ್ಕೆಟ್ಟಿನಿಂದ ತರಕಾರಿ ತರುವ ದಾರಿಯಲ್ಲಿ ಶಿಶುವಿಹಾರದ ಮುಂದೆ ಸೈಕಲ್ ನಿಲ್ಲಿಸಿದರು. ಕ್ಯಾರಿಯರ್ ಮೇಲೆ ಮೂಲಂಗಿ ಕಟ್ಟು. ಒಳಗೆ ಬರಲು ಸಂಕೋಚ.

‘ಅತ್ತೆ, ಅವಳು ಹೇಳಿದ್ದನ್ನ ಹೇಳಿದ ಹಂಗೇ ಹೇಳ್ತೀನಿ, ನನ್ನ ಮೇಲೆ ಸಿಟ್ಟಾಗ್ಬೇಡಿ.’

‘ಹೇಳಿ ಅಪ್ಪಾ.’

‘ಅವಳಿಗೆ ಬಟಾಣಿ ಅಂತ ಇತ್ತು. ನನಗೇನಿದೆ? ಕೇಳ್ಕೊಂಡು ಬನ್ನಿ ಅಂದ್ಲು.’

‘ಜಗಳಕ್ಕೆ ಕೇಳಿದ್ಲಾ, ನಿಜವಾಗ್ಲೂ ಕೇಳಿದ್ಲಾ?’

ಚಲುವರಾಜು ಮೂಲಂಗಿ ಕಟ್ಟನ್ನು ಸರಿ ಮಾಡಿದರು. ‘ಶುರು ಮಾಡಿದ್ದು ಜಗಳಕ್ಕೇನೇ ಅತ್ತೆ. ಆಮೇಲೆ ಅತ್ಲು.’

ಈ ಲೇಖನಕ್ಕೆ ತಮ್ಮ ಒಪ್ಪಿಗೆಯನ್ನೂ ನರಸಮ್ಮ ಗಂಡನ ಮೂಲಕವೇ ಹೇಳಿಕಳಿಸಿದ್ದಾರೆ. ಒಂದು ಷರತ್ತಿದೆ. ತಮ್ಮ ಹೆಸರಿನ ಮುಂದೆ ‘ಎರಡನೆಯ’ ಎಂಬ ಪದ ಬರಬಾರದು.

ಹಾಗಾಗಿ ಅಂಜಿನಮ್ಮ ಈಗ ಹೆಸರು ಹುಡುಕುತ್ತಿದ್ದಾರೆ. ಬುಲ್ ಟೆಂಪಲ್ ರಸ್ತೆಯುದ್ದಕ್ಕೂ, ಕತ್ತಲಲ್ಲಿ ಶಿಶುವಿಹಾರಕ್ಕೆ ನಡೆದು ಬರುವಾಗ, ಒಂದೊಂದನ್ನೇ ಬಾಯಲ್ಲಿ ಹೇಳಿ ನೋಡುತ್ತಾರೆ. ವಠಾರದವರು ಹೊಸ ಮಗುವಿಗೆ ಇರಬೇಕೆಂದು ತಿಳಿದು ತಮಗೆ ತೋಚಿದ್ದೆಲ್ಲ ಹೇಳುತ್ತಿದ್ದಾರೆ. ‘ಮಗೂಗೆ ಅವರತ್ತೆ ಮನೆಯೋರು ಇಟ್ಕೋತಾರೆ ಕಣ್ರೀ. ನಾನು ಹುಡುಕ್ತಿರೋದು ನನ್ನ ಮಗಳಿಗೆ’ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ಇಪ್ಪತ್ತೆರಡು ವರ್ಷದ ಬಸುರಿಗೆ ಮುದ್ದಿನ ಹೆಸರೆ ಎಂದು ನಗುತ್ತಾರೆ. ದಾಸಪ್ಪನವರೂ ಮೊದಲು ತಮಾಷೆಗೇ ಶುರು ಮಾಡಿದರು.

‘ಕಡಲೆ ಅಂತ ಇಡು.’

‘ನಿಮ್ಮ ಅಂಗಡಿ ಮೂಟೆಯಿಂದ ಆಚೆಗೆ ಬನ್ನಿ ಒಂದ್ಸಲ. ಅದು ಅವಳ ಅಕ್ಕನ ಹೆಸರಿನ ತಂಗಿ ಆಗುತ್ತೆ ರೀ. ಇವಳದು ಆಗಲ್ಲ.’

ದಾಸಪ್ಪ ಆಮೇಲೆ ತಮಾಷೆ ಮಾಡಲಿಲ್ಲ.

ಹುಡುಕಹೊರಟ ಮೇಲೆ ಅಂಜಿನಮ್ಮನಿಗೆ ಒಂದು ಕಷ್ಟ ಎದುರಾಯಿತು. ಬಟಾಣಿಯ ಐದು ವರ್ಷದ ಪ್ರತಿ ದಿನವೂ ಅವರಿಗೆ ನೆನಪಿದೆ. ನೆನಪಾಗದ ದಿನವನ್ನೂ ಇಷ್ಟು ವರ್ಷ ಕೂತು ನೆನಪು ಮಾಡಿಕೊಂಡಿದ್ದಾರೆ. ಇಪ್ಪತ್ತೆರಡು ವರ್ಷ ಕಣ್ಣ ಮುಂದೆಯೇ ಬೆಳೆದವಳ ಬಾಲ್ಯ ಮಾತ್ರ ಕೈಗೆ ಸಿಗುತ್ತಿಲ್ಲ. ಯಾವುದನ್ನು ನೆನೆದರೂ ಪಕ್ಕದಲ್ಲಿ ಇನ್ನೊಬ್ಬಳು ಬಂದು ನಿಲ್ಲುತ್ತಾಳೆ. ‘ಇವಳೊಬ್ಬಳನ್ನೇ ನೋಡಿದ ಒಂದು ಗಳಿಗೆ ಬೇಕಿತ್ತು ನನಗೆ. ಒಂದೇ ಒಂದು. ಅದು ಸಿಗದೆ ನಾನು ಹೆಸರು ಹೆಂಗೆ ಇಡ್ಲಿ?’

ಅದು ಸಿಕ್ಕಿದ್ದು ಕಳೆದ ವಾರ, ಇದೇ ಕೋಣೆಯಲ್ಲಿ. ಶನಿವಾರ ತರಗತಿ ಮುಗಿದು ಮಕ್ಕಳು ಬಂದಿದ್ದರು. ಅಂಜಿನಮ್ಮ ಒಂದು ಮಗುವಿನ ಕೈ ತೊಳೆಸುತ್ತಿದ್ದಾಗ ನೆನಪಾಯಿತು. ನರಸಮ್ಮನಿಗೆ ಏಳು ವರ್ಷವಿದ್ದಾಗ ಬೆಳಗ್ಗೆ ವಠಾರದ ನಲ್ಲಿಯಲ್ಲಿ ನೀರು ಬರುವ ಮುಂಚೆ, ಯಾರೂ ಹೇಳದೆಯೇ ಎದ್ದು ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದಳು. ಕೈಯಲ್ಲಿ ಹಿಡಿಯಲು ಬಿಂದಿಗೆ ಭಾರ. ಅದನ್ನು ಮುಂದೆ ಇಟ್ಟು ಅದರ ಮೇಲೇ ಕೂತು ನಿದ್ದೆ ಹೋಗುತ್ತಿದ್ದಳು. ಸಾಲು ಮುಂದಕ್ಕೆ ಸರಿದಾಗ ಹಿಂದಿನವರು ಬಿಂದಿಗೆಯ ಸಮೇತ ಅವಳನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತಿದ್ದರು. ಅವಳಿಗೆ ಎಚ್ಚರವಾಗುತ್ತಿರಲಿಲ್ಲ. ಒಂದು ದಿನ ಅಂಜಿನಮ್ಮ ಬಾಗಿಲಲ್ಲಿ ನಿಂತು ಅದನ್ನು ನೋಡಿದರು, ನಗು ತಡೆಯಲಾಗಲಿಲ್ಲ. ಅಷ್ಟು ಜೋರಾಗಿ ತಾವು ನಕ್ಕದ್ದು ಎಷ್ಟೋ ವರ್ಷದ ಮೇಲೆ ಅದೇ ಮೊದಲು.

‘ಆ ಹೊತ್ತು ನನಗೆ ಬೇರೆ ಯಾರೂ ನೆನಪಿರ್ಲಿಲ್ಲ’ ಎನ್ನುತ್ತಾರೆ. ‘ಬಿಂದಿಗೆ ಮೇಲೆ ಕೂತಿದ್ದ ಇವಳೊಬ್ಳೇ ಇದ್ಲು.’

ಬಿಸಿಲು ಕಿಟಕಿಯಿಂದ ಒಳಗೆ ಬಂದಿದೆ. ಕಲಿಯುವವರು ಹೊರಟುಹೋಗಿದ್ದಾರೆ. ಧರ್ಮರಾಜು ಒಬ್ಬರೇ ಉಳಿದು ಬೆತ್ತದ ಕುರ್ಚಿಯ ಒಂದು ಕಡೆ ಹಿಡಿದಿದ್ದಾರೆ. ಇಬ್ಬರೂ ಅದನ್ನು ಹೆಡ್‌ಮಿಸ್ ಕೋಣೆಗೆ ಸಾಗಿಸುತ್ತಾರೆ. ಹೆಸರು ಏನೆಂದು ತೀರ್ಮಾನಿಸಿದಿರಿ ಎಂದು ಧರ್ಮರಾಜು ಕೇಳಿದರೆ ಅಂಜಿನಮ್ಮ ತಲೆಯಾಡಿಸುತ್ತಾರೆ.

‘ಸಿಕ್ಕಿದೆ ಸಾರ್. ನಿಮಗೂ ಹೇಳಲ್ಲ, ಪೇಪರ್‍ನೋರಿಗೂ ಹೇಳಲ್ಲ, ಅವಳ ಅಪ್ಪನಿಗೂ ಇನ್ನೂ ಹೇಳಿಲ್ಲ. ಮೊದಲು ಅವಳ ಕಿವಿಗೆ ಬೀಳ್ಬೇಕು. ನಾಳೆ ಮಲ್ಲೇಶ್ವರಕ್ಕೆ ಹೋಗ್ತಿದೀನಿ.’ ಕುರ್ಚಿ ಇಳಿಸಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ. ‘ಅವಳಿಗೆ ಹಿಡಿಸ್ಲಿಲ್ಲ ಅಂದ್ರೆ ಬೇಡ ಅನ್ಲಿ. ಇನ್ನೊಂದು ಹುಡುಕ್ತೀನಿ. ಹುಡುಕೋವಾಗೆಲ್ಲ ಅವಳೇ ಕಣ್ಣಿಗೆ ಬರ್ತಾಳೆ ಈಗ.’